ನೇಗಿಲು ಎಳೆದ ರಸ್ತೆ

ಬೆಂಗಳೂರಿನ ಹಳೆಯ ಹೆದ್ದಾರಿಗಳ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೈಸೂರು ರಸ್ತೆ, ಮಾಗಡಿ ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಸರ್ಜಾಪುರ ರಸ್ತೆ, ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆ. ಒಂದಕ್ಕೂ ತನ್ನದೆಂಬ ಹೆಸರಿಲ್ಲ. ಎಲ್ಲವೂ ತಾವು ಮುಟ್ಟುವ ಊರಿನ ಹೆಸರನ್ನೇ ಹೊತ್ತುಕೊಂಡಿವೆ. ನನಗೆ ಈ ಹೆಸರುಗಳೆಂದರೆ ಬಹಳ ಇಷ್ಟ. ರಸ್ತೆ ಅಂದರೆ ಒಂದು ಊರು ಇನ್ನೊಂದು ಊರಿಗೆ ಕೊಟ್ಟ ಮಾತು ಎಂಬ ತಿಳಿವಳಿಕೆ ಅವುಗಳೊಳಗೆ ಅಡಗಿದೆ. ಈಚೆಗೆ ಬಂದ ರಸ್ತೆಗಳ ಹೆಸರು ಹಾಗಿಲ್ಲ. ಹೊರವರ್ತುಲ ರಸ್ತೆ, ಪೆರಿಫೆರಲ್ ರಿಂಗ್ ರಸ್ತೆ, ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ. ಇವು ಒಂದು ಊರಿಗೆ ಹೋಗಲು ಹುಟ್ಟಿದವಲ್ಲ, ಊರನ್ನು ಬಳಸಿಕೊಂಡು ಹೋಗಲು ಹುಟ್ಟಿದವು. ಊರು ಎಷ್ಟು ಬೆಳೆಯಿತು ಎಂಬುದನ್ನು ಮರದ ಕಾಂಡದ ಉಂಗುರ ಎಣಿಸಿದಂತೆ ಇವುಗಳನ್ನು ಎಣಿಸಿ ಹೇಳಬಹುದು.

ರಸ್ತೆಯ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕೆಂಪೇಗೌಡರ ನೇಗಿಲು. 1537ರಲ್ಲಿ ಪೇಟೆ ಕಟ್ಟಲು ಹೊರಟಾಗ, ಒಳ್ಳೆಯ ಮುಹೂರ್ತ ನೋಡಿ, ಇಂದಿನ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ ನಾಲ್ಕು ಜೋಡಿ ಎತ್ತು ನಿಲ್ಲಿಸಿ, ನೇಗಿಲು ಕಟ್ಟಿ, ನಾಲ್ಕು ದಿಕ್ಕಿಗೂ ಹೊಡೆದರಂತೆ. ಒಂದು ಹಲಸೂರಿನ ಕಡೆ, ಒಂದು ಸೊಂಡೆಕೊಪ್ಪದ ಕಡೆ, ಒಂದು ಯಲಹಂಕದ ಕಡೆ, ಇನ್ನೊಂದು ಆನೇಕಲ್ಲಿನ ಕಡೆ. ನೇಗಿಲ ಸಾಲು ಬಿದ್ದ ಕಡೆ ಬೀದಿ ಬಂತು, ಬೀದಿಯ ಎರಡೂ ಮಗ್ಗುಲಿಗೆ ಅಂಗಡಿ ಬಂತು, ಅಂಗಡಿಯ ಹಿಂದೆ ಮನೆ ಬಂತು. ಇದು ಐತಿಹ್ಯವೇ ಇರಬಹುದು, ಆದರೆ ಅದರೊಳಗಿನ ವಿವೇಕ ಐತಿಹ್ಯವಲ್ಲ. ಮೊದಲು ಗೆರೆ, ಆಮೇಲೆ ಮನೆ. ಈ ಕ್ರಮ ತಪ್ಪಿದ ಕಡೆಯಲ್ಲೆಲ್ಲ ರಸ್ತೆಗೆ ನಾವು ಹತ್ತು ಪಟ್ಟು ದುಡ್ಡು ತೆರುತ್ತಿದ್ದೇವೆ. ನಾನು ಇವತ್ತು ಹೇಳಹೊರಟ ಮಾತು ಇಷ್ಟೇ. ಆದರೆ ರಸ್ತೆಯ ಮೇಲೆ ಹೊರಟವನು ನೆಟ್ಟಗೆ ಹೋಗಿ ಮುಟ್ಟಿದರೆ ದಾರಿಯ ಊರುಗಳ ಗತಿಯೇನು? ಅಲ್ಲಲ್ಲಿ ಇಳಿದು ಹೋಗೋಣ.

ನಾನಿರುವುದು ನಗರದ ಉತ್ತರದ ಅಂಚಿನಲ್ಲಿ, ಹೆಣ್ಣೂರು–ಬಾಗಲೂರು ಕಡೆಯ ಒಂದು ಹಳ್ಳಿಯ ಮಗ್ಗುಲಲ್ಲಿ. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬಂದಾಗ ಎರಡೂ ಬದಿ ದ್ರಾಕ್ಷಿ ಚಪ್ಪರ, ಮಧ್ಯೆ ಒಂದು ಬಂಡಿದಾರಿ. ಹಳ್ಳಿಯ ಹಿರಿಯರು ಅದನ್ನು 'ನಕಾಶೆ ಕಂಡ ದಾರಿ' ಅನ್ನುತ್ತಿದ್ದರು. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆಗೆರೆಯಾಗಿ ಬಿದ್ದಿರುವ ದಾರಿ, ಅಂದರೆ ಯಾರೂ ಮುಚ್ಚಲಾಗದ ದಾರಿ. ಎಷ್ಟು ಚೆಂದದ ಮಾತು! ನಕಾಶೆಯೇ ಕಣ್ಣಾರೆ ಕಂಡು ಸಾಕ್ಷಿ ಹೇಳುತ್ತಿದೆ ಎಂಬಂತೆ. ಅದರ ಪಕ್ಕದ ಒಂದಿಷ್ಟು ಜಾಗ 'ಬಿ' ಖರಾಬು. ದಾರಿ, ಹಳ್ಳ, ಕೆರೆ, ಹೀಗೆ ಎಲ್ಲರ ಬಳಕೆಗೆಂದು ಬಿಟ್ಟ ನೆಲ. ಉಳುವವರಿಗೂ ಅದರ ಮರ್ಯಾದೆ ಗೊತ್ತಿತ್ತು. ಬೇಲಿ ಹಾಕುವಾಗ ಒಂದು ಮೊಳ ಒಳಗೇ ಹಾಕುತ್ತಿದ್ದರು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ನಮ್ಮ ಬಂಡಿದಾರಿಯ ಬಾಳೇ ಬದಲಾಯಿತು. ಚಪ್ಪರಗಳು ಇಳಿದವು, ಸೈಟುಗಳು ಎದ್ದವು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಇದ್ದದ್ದು 2011ರ ಗಣತಿಗೆ 96 ಲಕ್ಷ ಆಯಿತು. ಹತ್ತು ವರ್ಷದಲ್ಲಿ ಶೇಕಡಾ 47ರಷ್ಟು ಏರಿಕೆ. ನಗರದಲ್ಲಿ ನೋಂದಣಿಯಾದ ವಾಹನಗಳು ಈಗ ಒಂದು ಕೋಟಿ ದಾಟಿವೆ. ಆ ಜನ, ಆ ವಾಹನ ಬಂದು ಸೇರಿದ್ದು ನಡುಪೇಟೆಗಲ್ಲ, ನಮ್ಮಂಥ ಅಂಚಿಗೆ. ಮೊದಲು ಒಂದು ಲೇಔಟು, ಅದರ ಬೆನ್ನಿಗೆ ಇನ್ನೊಂದು. ಇದರ ನಲವತ್ತಡಿ ರಸ್ತೆ ಅದರ ಗೋಡೆಗೆ ಮುಗಿಯುತ್ತದೆ, ಅದರ ಮೂವತ್ತಡಿ ರಸ್ತೆ ಯಾರದೋ ತೋಟಕ್ಕೆ ಮುಗಿಯುತ್ತದೆ. ಎಲ್ಲರೂ ಹೊರಗೆ ಬರಬೇಕಾದದ್ದು ಮಾತ್ರ ಆ ಹನ್ನೆರಡಡಿಯ ನಕಾಶೆ ಕಂಡ ದಾರಿಯಿಂದಲೇ. ನೀರಿನ ಟ್ಯಾಂಕರು, ಶಾಲೆಯ ಬಸ್ಸು, ಕಾಂಕ್ರೀಟು ಲಾರಿ, ಹಾಲಿನ ವ್ಯಾನು ಎಲ್ಲವೂ ಅಲ್ಲೇ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ದೇಶದಲ್ಲಿ ರಸ್ತೆಗೂ ದರ್ಜೆ ಉಂಟು. 1943ರಲ್ಲಿ ನಾಗಪುರದಲ್ಲಿ ಮುಖ್ಯ ಎಂಜಿನಿಯರುಗಳೆಲ್ಲ ಸೇರಿ ಇಪ್ಪತ್ತು ವರ್ಷದ ರಸ್ತೆ ಯೋಜನೆ ಮಾಡಿದಾಗ ಈ ವಿಂಗಡಣೆ ಗಟ್ಟಿಯಾಯಿತು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ದರ್ಜೆಗೆ ತಕ್ಕ ಯಜಮಾನ, ಯಜಮಾನನಿಗೆ ತಕ್ಕ ಖಜಾನೆ. ಊರು ನಿಧಾನವಾಗಿ ಬೆಳೆಯುವಾಗ ಇದು ಸರಿ. ಆದರೆ ನಾಗಾಲೋಟದಲ್ಲಿ ಬೆಳೆಯುವ ಸೀಮೆಯಲ್ಲಿ ರಸ್ತೆ ಬೆಳೆದಷ್ಟು ಬೇಗ ಅದರ ದರ್ಜೆ ಬೆಳೆಯುವುದಿಲ್ಲ. ನಮ್ಮ ರಸ್ತೆ ಕಾಗದದಲ್ಲಿ ಗ್ರಾಮ ರಸ್ತೆ. ಗಾಡಿ, ಟ್ರಾಕ್ಟರಿನ ಭಾರಕ್ಕೆ ಹಾಕಿದ ಜಲ್ಲಿ, ಅದರ ಮೇಲೊಂದು ತೆಳು ಡಾಂಬರು. ಓಡಾಡುವುದು ಹೆದ್ದಾರಿಯ ಲಾರಿಗಳು. ಪಂಚಾಯಿತಿಯ ಖಜಾನೆಗೆ ಅದನ್ನು ಸಾಕುವ ತಾಕತ್ತಿಲ್ಲ, ಮೇಲಿನ ಇಲಾಖೆಗೆ ಅದು ತನ್ನದಲ್ಲ. ಹದಿನಾಲ್ಕರ ಹುಡುಗನಿಗೆ ಏಳರ ಅಂಗಿ ತೊಡಿಸಿದರೆ ಹೊಲಿಗೆ ಬಿಡದೆ ಇನ್ನೇನು? ಮಳೆಗಾಲದಲ್ಲಿ ಆ ಹೊಲಿಗೆ ಬಿಟ್ಟ ಜಾಗದಲ್ಲೇ ಸ್ಕೂಟರಿನಿಂದ ಬಿದ್ದ ತಾಯಿ ಮಗುವನ್ನು ನಾನು ಎತ್ತಿ ಕೂರಿಸಿದ್ದೇನೆ. ಮಗು ಅಳಲಿಲ್ಲ, ತಾಯಿ ಅತ್ತಳು. ಅಂದಿನಿಂದ ರಸ್ತೆಯ ವಿಷಯ ನನಗೆ ಬರೀ ಮಾತಿನ ವಿಷಯವಾಗಿ ಉಳಿದಿಲ್ಲ.

ದುಡ್ಡಿನ ಮಾತಿಗೆ ಬರೋಣ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. ದುಡ್ಡು ಬೊಕ್ಕಸದ್ದು, ಬೊಕ್ಕಸ ಬಹುಮಟ್ಟಿಗೆ ರೈತ ಕಟ್ಟಿದ ಕಂದಾಯದ್ದು. ಅಂದರೆ ಗಾಡಿ ಹೂಡಿದವನೂ ಕೊಟ್ಟ, ಹೂಡದವನೂ ಕೊಟ್ಟ. ಆಮೇಲೆ ಮೋಟಾರು ಬಂತು, ಗಾಡಿಯ ದಾರಿಗಳು ಪುಡಿಯಾದವು. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತು, ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ದುಡ್ಡನ್ನು ರಸ್ತೆಗೆಂದೇ ಬೇರೆ ಗಂಟು ಕಟ್ಟಿಡಿ ಎಂದಿತು. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿದ್ದು ಹಾಗೆ. ರಸ್ತೆಯನ್ನು ಎಷ್ಟು ಸವೆಸುತ್ತೀಯೋ ಅಷ್ಟು ಕೊಡು ಎಂಬ ನ್ಯಾಯ. 2000ದಲ್ಲಿ ಆ ನಿಧಿಗೆ ಕಾಯ್ದೆಯ ಬಲ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದಾಗ ಡೀಸೆಲ್ ಸೆಸ್ಸಿನ ಒಂದು ಪಾಲು ಹಳ್ಳಿ ರಸ್ತೆಗೆ ಹೋಯಿತು. ಪೀಣ್ಯದ ಲಾರಿ ಸುಟ್ಟ ಎಣ್ಣೆಯ ಒಂದು ಪಾಲು ಯಾವುದೋ ದೂರದ ಹಳ್ಳಿಯ ಕೆಸರು ದಾರಿಗೆ ಡಾಂಬರಾಗಿ ಬೀಳುವುದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ. ತೆರಿಗೆ ಅನ್ನುವುದು ಕಾಣದ ಊರಿಗೆ ನಾವು ಮಾಡುವ ಉಪಕಾರ.

ಇನ್ನು ಟೋಲು ಎಲ್ಲರಿಗೂ ಗೊತ್ತು. 2016ರಿಂದ ಬಳಕೆಗೆ ಬಂದ ಹೈಬ್ರಿಡ್ ಆನ್ಯುಟಿ ಎಂಬ ಪದ್ಧತಿಯೂ ಇದೆ. ಕಟ್ಟುವಾಗ ಖರ್ಚಿನಲ್ಲಿ ನೂರಕ್ಕೆ 40 ಪಾಲನ್ನು ಸರ್ಕಾರ ಕೊಡುತ್ತದೆ. ಉಳಿದ 60ನ್ನು ಕಟ್ಟುವವರು ಹೊಂದಿಸಿ, ಮುಂದೆ ಕಂತು ಕಂತಾಗಿ ವಾಪಸು ಪಡೆಯುತ್ತಾರೆ. ಇಷ್ಟೆಲ್ಲ ದಾರಿಗಳಿಂದ ಜಲ್ಲಿ, ಡಾಂಬರು, ಸಿಮೆಂಟು, ಕೂಲಿಗೆ ದುಡ್ಡು ಹೇಗೋ ಹುಟ್ಟುತ್ತದೆ. ಹುಟ್ಟದಿರುವುದು ನೆಲಕ್ಕೆ. ಬೆಳೆಯುವ ಸೀಮೆಯ ರಸ್ತೆಯ ಸಂಕಟವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ನೆಲದ ಬೆಲೆಯಲ್ಲಿ.

ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಕೇಳಿ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆಗಳನ್ನು ದಾಟಿ ಹೊಸೂರು ರಸ್ತೆಯವರೆಗೆ, ಈಗಿನ ಲೆಕ್ಕಕ್ಕೆ ಸುಮಾರು 73 ಕಿಲೋಮೀಟರು. 2005ರಲ್ಲಿ ಮೊದಲ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಗೆರೆ ಬಿತ್ತು. ಅಷ್ಟರಲ್ಲೇ ನೆಲ ಕೊಂಡು, ಕಲ್ಲು ನೆಟ್ಟಿದ್ದರೆ ಚಪ್ಪರಗಳ ನಡುವೆ ರಸ್ತೆ ಹಾದುಹೋಗುತ್ತಿತ್ತು. ಆಗಲಿಲ್ಲ. ವರ್ಷ ಕಳೆದಂತೆ ನೆಲದ ಬೆಲೆ ಏರಿತು. 1894ರ ಭೂಸ್ವಾಧೀನ ಕಾಯ್ದೆ ಹೋಗಿ, ಹಳ್ಳಿಗಾಡಿನಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ ಕೊಡುವ 2013ರ ಕಾಯ್ದೆ ಬಂತು. ಹಳೆಯ ಲೆಕ್ಕದ ಪರಿಹಾರವೋ ಹೊಸ ಲೆಕ್ಕದ್ದೋ ಎಂಬ ಜಗ್ಗಾಟ ಶುರುವಾಯಿತು. 2025ರಲ್ಲಿ ಸಂಪುಟದ ಮುಂದೆ ಬಂದ ಅಂದಾಜು 27,000 ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ನೆಲಕ್ಕೇ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಹಿಂದಿನವರು ಸುಮ್ಮನೆ ಕಟ್ಟಲಿಲ್ಲ.

ಕೋಟಿಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಬಾರದ ಲೆಕ್ಕವೊಂದಿದೆ. ನಮ್ಮ ಹಳ್ಳಿಯಲ್ಲಿ ಒಬ್ಬ ತಾತ ಇದ್ದಾರೆ. ಅವರ ದ್ರಾಕ್ಷಿ ತೋಟದ ಮೇಲೆ ಹೀಗೇ ಒಂದು ರಸ್ತೆಯ ಗೆರೆ ಬಿದ್ದಿದೆ. ಒಂದು ಸಂಜೆ ಜಗುಲಿಯ ಮೇಲೆ ಕೂತು ಪಹಣಿ ತೋರಿಸುತ್ತಾ ಹೇಳಿದರು: "ಗೆರೆ ಎಳ್ದು ಹೋದ್ರಪ್ಪ. ಮಾರಂಗಿಲ್ಲ, ಮನೆ ಕಟ್ಟಂಗಿಲ್ಲ, ಬ್ಯಾಂಕಲ್ಲಿ ಸಾಲ ಎತ್ತಂಗಿಲ್ಲ. ತಗೊಳ್ಳೋರು ಬಂದು ತಗೊಳ್ಳಂಗೂ ಇಲ್ಲ, ಬಿಡಂಗೂ ಇಲ್ಲ. ಹೊಸ ಕಂಬ ನೆಟ್ಟರೆ ನಾಳೆ ಕಿತ್ತಾಕ್ತಾರೇನೋ ಅಂತ ಹಳೇ ಕಂಬಕ್ಕೇ ಊರುಗೋಲು ಕೊಟ್ಕೊಂಡು ಇದ್ದೀನಿ." ಆ ಕಂಬಗಳನ್ನು ನಾನು ನೋಡಿದ್ದೇನೆ. ಒಂದೊಂದಕ್ಕೂ ಎರಡೆರಡು ಊರುಗೋಲು. ಮಗಳ ಮದುವೆಗೆಂದು ಇಟ್ಟುಕೊಂಡ ನೆಲ ಅದು. ಮಗಳ ಮಗಳೇ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ನೇಗಿಲ ಗೆರೆ ಎಳೆದವರು ಮರುದಿನವೇ ಬೀದಿ ಕಟ್ಟಲು ನಿಂತರು. ನಕ್ಷೆಯ ಗೆರೆ ಎಳೆದು ಕೈಬಿಟ್ಟರೆ ಅದು ಒಂದು ಮನೆತನದ ಮೇಲೆ ಬಿದ್ದ ಬರೆ.

ಹಾಗಾದರೆ ದಾರಿಯಿಲ್ಲವೇ? ಇದೆ. ಅದೂ ನಮ್ಮ ದೇಶದಲ್ಲೇ, ನೂರು ವರ್ಷಕ್ಕೂ ಹಳೆಯದು. 1915ರಲ್ಲಿ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ ಒಂದು ನಗರ ಯೋಜನಾ ಕಾಯ್ದೆ ಬಂತು. ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಅದರ ತಿರುಳು ಬಹಳ ಸರಳ. ರಸ್ತೆ ಬರುವ ಬಯಲಿನ ನೆಲವನ್ನೆಲ್ಲ ಕಾಗದದ ಮೇಲೆ ಒಟ್ಟು ಮಾಡುವುದು. ಎಲ್ಲರಿಂದಲೂ ಸಮನಾಗಿ ಒಂದೊಂದು ಪಾಲು ತೆಗೆದು ರಸ್ತೆ, ಚರಂಡಿ, ಶಾಲೆ, ಆಟದ ಬಯಲಿಗೆ ಬಿಡುವುದು. ಉಳಿದದ್ದನ್ನು ಚೌಕ ಮಾಡಿ ಅವರವರಿಗೇ ಹಿಂದಿರುಗಿಸುವುದು. ಕೈಗೆ ಬಂದ ನೆಲ ಮೊದಲಿಗಿಂತ ಚಿಕ್ಕದು, ಆದರೆ ರಸ್ತೆ ಬದಿಯದು, ಬೆಲೆ ಹೆಚ್ಚಿನದು. ಹೆಚ್ಚಿದ ಬೆಲೆಯಲ್ಲಿ ಒಂದು ಪಾಲನ್ನು ಸುಧಾರಣಾ ಶುಲ್ಕವಾಗಿ ಪಡೆದು ಅದರಿಂದ ರಸ್ತೆ ಹಾಕುವುದು. ಅಹಮದಾಬಾದು ತನ್ನ 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ನೆಲ ಹೊಂದಿಸಿಕೊಳ್ಳಲು ಇದೇ ಪದ್ಧತಿಯನ್ನು ನೆಚ್ಚಿಕೊಂಡಿತು. ನಮ್ಮಲ್ಲೂ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಇಂಥ ಯೋಜನೆಗಳಿಗೆಂದೇ ಒಂದು ಅಧ್ಯಾಯವಿದೆ. ಬಳಸಿದ್ದು ಬಹಳ ಕಡಿಮೆ.

ನನಗೆ ಈ ಪದ್ಧತಿ ಹಿಡಿಸುವುದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ, ನ್ಯಾಯದ ಕಾರಣಕ್ಕೆ. ರಸ್ತೆ ಬಂದರೆ ಯಾರ ನೆಲದ ಮೇಲೆ ಬಂತೋ ಅವರು ಎಲ್ಲ ಕಳೆದುಕೊಳ್ಳುತ್ತಾರೆ, ಪಕ್ಕದವರು ಕೂತಲ್ಲೇ ಸಿರಿವಂತರಾಗುತ್ತಾರೆ. ಅಣ್ಣನ ಹೊಲ ಹೋಯಿತು, ತಮ್ಮನ ಹೊಲಕ್ಕೆ ಹತ್ತು ಪಟ್ಟು ಬೆಲೆ ಬಂತು. ಎಷ್ಟು ಮನೆಗಳಲ್ಲಿ ಈ ಒಂದು ಗೆರೆಯಿಂದ ಮಾತುಕತೆ ನಿಂತಿಲ್ಲ! ಆ ಹೆಚ್ಚಿದ ಬೆಲೆ ತಮ್ಮನ ಬೆವರಿನದಲ್ಲ, ಎಲ್ಲರ ದುಡ್ಡಿನಿಂದ ಬಂದ ರಸ್ತೆಯದು. ಅದರಲ್ಲಿ ಒಂದು ಪಾಲು ರಸ್ತೆಗೆ ಬರಲಿ, ಒಂದು ಪಾಲು ಅಣ್ಣನಿಗೆ ಹೋಗಲಿ. ಪೆರಿಫೆರಲ್ ರಿಂಗ್ ರಸ್ತೆಗೆ ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರಿಟ್ಟು, ನೆಲ ಕೊಟ್ಟವರಿಗೆ ನಗದಲ್ಲದೆ ರಸ್ತೆ ಬದಿಯ ವಾಣಿಜ್ಯ ಜಾಗ, ಅಭಿವೃದ್ಧಿಪಡಿಸಿದ ನಿವೇಶನ, ಅಭಿವೃದ್ಧಿ ಹಕ್ಕುಪತ್ರಗಳ ಆಯ್ಕೆಯನ್ನೂ ಮುಂದಿಟ್ಟಿದ್ದಾರೆ. ರೈತನನ್ನು ಪಾಲುದಾರ ಎಂದು ಕಾಣುವ ಕಡೆಗೆ ಇಟ್ಟ ಹೆಜ್ಜೆ ಅದು. ಇಪ್ಪತ್ತು ವರ್ಷ ಮೊದಲೇ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನೆಲ ಸಿಕ್ಕಿದ ಮೇಲೂ ಯೋಜನೆ ಅನ್ನುವುದು ಮುಗಿಯುವುದಿಲ್ಲ. ಅಡುಗೆಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಇದ್ದಹಾಗೆ ರಸ್ತೆಗೂ ಇದೆ. ಒಗ್ಗರಣೆ ಕೊಟ್ಟ ಮೇಲೆ ಬೇಳೆ ಬೇಯಿಸಲು ಹೊರಟರೆ ಹೇಗೆ? 2007ರಲ್ಲಿ ಬೃಹತ್ ಬೆಂಗಳೂರು ಆದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಅವುಗಳಿಗೆ ಕುಡಿಯುವ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಆ ಹಳ್ಳಿಗಳ ಬೀದಿಗಳು ಕೊಳವೆಗೆ ಒಮ್ಮೆ, ಒಳಚರಂಡಿಗೆ ಒಮ್ಮೆ ಅಗೆತ ಕಂಡವು. ಹಾಕಿದ ಡಾಂಬರನ್ನು ಕಿತ್ತು ಮತ್ತೆ ಹಾಕಿದ ಖರ್ಚೂ ನಮ್ಮದೇ. ಟೆಂಡರ್ ಶ್ಯೂರ್ ಎಂಬ ಹೆಸರಿನಲ್ಲಿ ನಗರದ ನಡುವಿನ ಕೆಲವು ರಸ್ತೆಗಳನ್ನು ಬೇರೆ ಕ್ರಮದಲ್ಲಿ ಮಾಡಿದರು. ನೀರು, ಒಳಚರಂಡಿ, ವಿದ್ಯುತ್ತು, ಕೇಬಲ್ಲು ಎಲ್ಲಕ್ಕೂ ನೆಲದೊಳಗೆ ಮೊದಲೇ ದಾರಿ ಬಿಟ್ಟು, ಅಗಲವಾದ ಕಾಲುದಾರಿ ಕಟ್ಟಿ, ಆಮೇಲೆ ವಾಹನದ ದಾರಿ. ಅಂಥ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ವಯಸ್ಸಾದವರು ಕೆಳಗೆ ನೋಡದೆ, ತಲೆಯೆತ್ತಿ, ಮಾತಾಡಿಕೊಂಡು ಹೋಗುತ್ತಾರೆ. ಖರ್ಚು ಹೆಚ್ಚು ನಿಜ. ಪದೇ ಪದೇ ಅಗೆಯುವ ಖರ್ಚನ್ನು ಕೂಡಿಸಿದರೆ ಹೆಚ್ಚೆನಿಸುವುದಿಲ್ಲ.

ನೀರಿನ ಮಾತು ಇನ್ನೊಂದು. ನಮ್ಮ ಹಿಂದಿನವರು ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಕಾಲುವೆ ಬಿಟ್ಟು ಸರಮಾಲೆ ಕಟ್ಟಿದರು. ಇಲ್ಲಿ ಎಲ್ಲಿ ರಸ್ತೆ ಎಳೆದರೂ ಅದು ಯಾವುದೋ ರಾಜಕಾಲುವೆಯನ್ನು ದಾಟಲೇಬೇಕು. ದಾಟುವ ಕಡೆ ಮೋರಿ ದೊಡ್ಡದಿರಬೇಕು. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಹೊಸ ಹೆದ್ದಾರಿಯೇ ಹೊಳೆಯಾಯಿತು. ಮರುತಿಂಗಳು ಬೆಳ್ಳಂದೂರಿನ ಬಳಿ ಹೊರವರ್ತುಲ ರಸ್ತೆ ಮುಳುಗಿತು. ಆಗ ಟ್ರಾಕ್ಟರ್ ಏರಿ ಕೆಲಸಕ್ಕೆ ಹೋದವರ ಚಿತ್ರಗಳನ್ನು ನಾವೆಲ್ಲ ನೋಡಿದೆವು. ನೀರಿಗೂ ಒಂದು 'ನಕಾಶೆ ಕಂಡ ದಾರಿ' ಇದೆ. ಅದನ್ನು ಮುಚ್ಚುವ ಹಕ್ಕು ನಮಗಿಲ್ಲ.

ಹಾಗೆಯೇ ನಡುವಿನ ಊರುಗಳು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಬೈಪಾಸಿನಲ್ಲಿ ದಾಟುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ಅದು ದೊಡ್ಡ ಲಾಭವೇ. ಆದರೆ ಬಿಡದಿಯ ತಟ್ಟೆ ಇಡ್ಲಿಯವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಮದ್ದೂರು ವಡೆಯವರು ಬರುಹೋಗುವ ಗಿರಾಕಿಯನ್ನು ನಂಬಿ ಬಾಳಿದವರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ದಾರಿಯಲ್ಲಿ ಪ್ರವೇಶ ನಿಂತಿತು. ಜೀವ ಉಳಿಸುವ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಹಾಗೆ ಮಾಡಿದ ಮೇಲೆ ಅವರು ಓಡಾಡುವ ಸರ್ವಿಸ್ ರಸ್ತೆಯೂ ಅಷ್ಟೇ ಗಟ್ಟಿಯಾಗಿ, ಕಡಿಯದೆ ಸಾಗಬೇಕು. ಕಾಲುನಡಿಗೆಯವರು ದಾಟಲು ಮೇಲ್ಸೇತುವೆ ಮೊದಲ ನಕ್ಷೆಯಲ್ಲೇ ಇರಬೇಕು. ರಸ್ತೆಯ ಲೆಕ್ಕದಲ್ಲಿ ಮೊದಲು ಬರೆಯಬೇಕಾದ ಹೆಸರು ನಡೆಯುವವನದು, ಆಮೇಲೆ ಬಸ್ಸಿನದು, ಕೊನೆಗೆ ಕಾರಿನದು. 1990ರ ದಶಕದಲ್ಲಿ ಶುರುವಾದ ಹೊರವರ್ತುಲ ರಸ್ತೆಯನ್ನು ಊರ ಹೊರಗೆಂದೇ ಮಾಡಿದರು. ಇಂದು ಅದು ಊರಿನ ನಟ್ಟನಡುವೆ ಇದೆ. ಬರೀ ಅಗಲ ಮಾಡುತ್ತ ಹೋದರೆ ವಾಹನವೂ ಅಗಲಕ್ಕೆ ತಕ್ಕಂತೆ ಬಂದು ತುಂಬುತ್ತದೆ. ರೈಲು, ಬಸ್ಸುಗಳಿಗೆ ಜಾಗ ಇಟ್ಟೇ ಗೆರೆ ಎಳೆಯಬೇಕು.

ಇಷ್ಟು ದೂರ ಬಂದವನು ನೆರಳಿನಲ್ಲಿ ಒಂದು ಗಳಿಗೆ ಕೂರದೆ ಹೋದರೆ ಹೇಗೆ? ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ತಮ್ಮ ಯಜಮಾನರ ಜೊತೆ ಸೇರಿ ಬೆಳೆಸಿದ ಆಲದ ಮರಗಳಿವೆ. ಅವು 385 ಎಂದು ಹೇಳುವ ವಾಡಿಕೆ. ಕೊಡದಲ್ಲಿ ನೀರು ಹೊತ್ತು, ಮಕ್ಕಳ ಹಾಗೆ ಸಾಕಿದ ಮರಗಳು. 2019ರಲ್ಲಿ ಆ ಭಾಗದ ರಸ್ತೆ ಅಗಲ ಮಾಡುವ ಮಾತು ಬಂದಾಗ ಆ ತಾಯಿ ಮುಖ್ಯಮಂತ್ರಿಗಳ ಬಳಿ ಹೋಗಿ ಮರಗಳನ್ನು ಉಳಿಸಿಕೊಡಿ ಎಂದು ಕೇಳಿಕೊಳ್ಳಬೇಕಾಯಿತು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡರು. ಮರಗಳು ನಿಂತಿವೆ. ಎಂಬತ್ತು ವರ್ಷ ಮುಂದೆ ಎಷ್ಟು ಅಗಲ ಬೇಕಾದೀತು ಎಂಬುದು ಗಿಡ ನೆಡುವವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅದನ್ನು ಯೋಚಿಸಿ ಗೆರೆ ಎಳೆದುಕೊಡುವುದು ಯೋಜನೆ ಮಾಡುವವರ ಕೆಲಸ.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಹೋದ ವರ್ಷದ ಗ್ರಾಮ ಸಭೆಯಲ್ಲಿ ನಾವು ಕೆಲವರು ಎದ್ದು ನಿಂತು ಡಾಂಬರು ಕೇಳಲಿಲ್ಲ, ಸರ್ವೆ ಕೇಳಿದೆವು. ನಕಾಶೆ ಕಂಡ ದಾರಿಯನ್ನು ಅಳತೆ ಮಾಡಿ, ಖರಾಬು ಜಾಗ ಬಿಡಿಸಿ, ಕಲ್ಲು ನೆಡಿಸಿ ಎಂದೆವು. ಮುಂದಿನ ಲೇಔಟುಗಳು ಮನೆ ಕಟ್ಟುವ ಮೊದಲೇ ಎಷ್ಟಡಿ ಬಿಡಬೇಕು ಎಂಬುದನ್ನು ಈಗಲೇ ಬರೆದಿಡಿ ಎಂದೆವು. ಕೆಲವು ತಿಂಗಳ ಮೇಲೆ ಸರ್ವೆಯವರು ಚೈನು ಹಿಡಿದು ಬಂದರು. ತಾತ ಊರುಗೋಲು ಊರಿಕೊಂಡು ಇಡೀ ದಿನ ಜೊತೆಗಿದ್ದರು. ಹಳೆಯ ಬಾಂದುಕಲ್ಲುಗಳು ಎಲ್ಲೆಲ್ಲಿ ಹೂತಿವೆ ಎಂಬುದು ಗೊತ್ತಿದ್ದದ್ದು ಅವರೊಬ್ಬರಿಗೇ.

ಡಾಂಬರಿಗೆ ಇನ್ನೂ ದುಡ್ಡು ಬಂದಿಲ್ಲ, ಬರುತ್ತದೆ. ಈ ಸಲದ ಮುಂಗಾರು ಹಿಡಿದ ಮೇಲೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊಂಗೆ, ಬೇವು, ನೇರಳೆ ಸಸಿಗಳನ್ನು ನೆಟ್ಟೆವು. ದಾರಿಯ ಅಂಚಿಗೆ ನೆಡಲು ಹೊರಟ ಹುಡುಗನನ್ನು ತಾತ ತಡೆದರು. "ಅಲ್ಲಲ್ಲ ಮಗಾ, ಇನ್ನೂ ಆಚೆಗೆ. ನಾಳೆ ರಸ್ತೆ ಅಲ್ಲೀಗಂಟ ಬತ್ತದೆ" ಎಂದು ಹೊಸ ಕಲ್ಲಿನ ಆಚೆಗೆ, ತಮ್ಮದೇ ಬೇಲಿಯ ಒಳಗೆ, ಕೋಲಿನಲ್ಲಿ ಮಣ್ಣು ಗೀರಿ ತೋರಿಸಿದರು. ಮಕ್ಕಳು ಆ ಗೀರಿನ ಉದ್ದಕ್ಕೂ ಗುಂಡಿ ತೋಡಿದರು.